ಸ್ತಾಮೆನ್ ಸಾಹೇಬರ ಒಂಬೈನೂರು

ಅಕ್ಕಾ, ಪಿರಿನ್ ಬೆಟ್ಟದ ಚಳಿಗೆ ಮಂಡಿ ಹಿಡಿದುಕೊಂಡಿದೆ, ಉಣ್ಣೆಯ ಕಾಲುಚೀಲ ಕಳಿಸು. ಲೇಸರ್ ಹಾಯಿಸಿ ಉಪಗ್ರಹಗಳ ದೂರ ಅಳೆಯುವ ಇಲ್ಲಿನ ಕೇಂದ್ರಕ್ಕೆ ಅಂಕ ಕೊಡಲು ಬಂದಿದ್ದೇನೆ. ಅಂಕ ಕಡಿಮೆಯಾದರೆ ಇಂಥ ಕೇಂದ್ರಗಳ ಜಾಗತಿಕ ಪಟ್ಟಿಯಿಂದ ಇದು ಹೊರಕ್ಕೆ. ಮುಖ್ಯಸ್ಥ ಸ್ತಾಮೆನ್ ಸಾಹೇಬರು ಕೆಳಗೆ ಹಾರುವ ಸುಲಭದ ಉಪಗ್ರಹಗಳನ್ನೇ ಅವಸರದಲ್ಲಿ ಅಳೆದು, "ತಿಂಗಳಿಗೆ ಒಂಬೈನೂರು ಅಳತೆ ಮೇಡಂ!" ಎಂದು ಎದೆಯುಬ್ಬಿಸಿದರು. ಎತ್ತರದ, ಕಷ್ಟದ ಉಪಗ್ರಹಗಳನ್ನು ಅಳೆಯುವ ಕಿರಿಯ ಸಹೋದ್ಯೋಗಿ ರುಮ್ಯಾನಾಳನ್ನು ತೋರಿಸಿ, "ಈಯಮ್ಮಂದು ನಲವತ್ತೂ ದಾಟಲ್ಲ" ಎಂದು ಜರೆದರು. ನಾನು ಲೆಕ್ಕ ಹಾಕಿ ನೋಡಿದೆ. ಸಾಹೇಬರ ಅಳತೆಗಳಲ್ಲಿ ಗೇಣುದ್ದ ತಪ್ಪು, ಅವಳದರಲ್ಲಿ ಅಕ್ಕಿಕಾಳಿನಷ್ಟೂ ಇಲ್ಲ. "ಕೇಂದ್ರ ಪಟ್ಟಿಯಲ್ಲಿ ಉಳಿಯೋದು ಈ ನಲವತ್ತರಿಂದಲೇ" ಎಂದೆ. ಸಾಹೇಬರು ಕಣ್ಣು ಮಿಟುಕಿಸದೆ, "ಕಲಿಸಿದ್ದು ನಾನೇ ಅಲ್ವಾ!" ಎಂದರು. ರುಮ್ಯಾನಾ ತಲೆಯೆತ್ತದೆ ಹೇಳಿದಳು: "ಹೌದು ಸಾರ್, ಹೆಂಗೆ ಅಳೀಬಾರ್ದು ಅಂತ."

ಟಪಾಲಿನ ಬಸ್ಸು ಬಂತು, ಇಲ್ಲಿಗೆ ಮುಗಿಸುತ್ತೇನೆ.
ವೆಸ್ಕಾ