ಹನ್ನೊಂದು ಪುಸ್ತಕಗಳ ಕೊನೆಯ ಪುಟ

ನಂಜನಗೂಡು,
ಭಾನುವಾರ, 16-11-2025

ಪ್ರೀತಿಯ ಅತ್ತೆಯವರಿಗೆ, ನಡುಮನೆಯಲ್ಲಿ ನಿಮ್ಮ ಉಯ್ಯಾಲೆಯ ಪಕ್ಕ ನೆಲದ ಮೇಲೆ ಕೂತು ನಿಮ್ಮ ಸೊಸೆ ಹಂಸಾ ಮಾಡುವ ನಮಸ್ಕಾರಗಳು.

ಆರೋಗ್ಯ ಹೇಗಿದೆ? ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಮಗಳು ನಯನ ಮರೆತರೆ ನೀವೂ ಮರೆಯುತ್ತಿದ್ದೀರಾ? ತಿ. ನರಸೀಪುರದಲ್ಲಿ ಬೆಳಗಿನ ಹೊತ್ತು ನದಿಯ ಕಡೆಯಿಂದ ಮಂಜು ಜಾಸ್ತಿ. ನಿಮ್ಮ ನೀಲಿ ಸ್ವೆಟರು ಇಲ್ಲೇ ಗೂಟದಲ್ಲಿ ನೇತಾಡುತ್ತಿದೆ, ಅಷ್ಟು ಅವಸರದಲ್ಲಿ ಹೊರಟಿರಿ ನೀವು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಮಗ ನಾನು ಮಾಡಿದ ಹುಳಿಯನ್ನು ಎರಡು ದಿನ ಸುಮ್ಮನೆ ತಿಂದು, ಮೂರನೆಯ ದಿನ ತಟ್ಟೆ ನೋಡಿಕೊಂಡು ಒಂದು ನಿಟ್ಟುಸಿರು ಬಿಟ್ಟರು. ಮಾನ್ಯಾ ಮಾತ್ರ ಅಜ್ಜಿ ಯಾವಾಗ ಬರ್ತಾಳೆ ಎಂದು ಬಾಯಿಬಿಟ್ಟೇ ಕೇಳುತ್ತಾಳೆ. ಉತ್ತರ ಹೇಳಬೇಕಾದವಳು ನಾನೇ ಎಂಬುದು ಅವಳಿಗೂ ಗೊತ್ತು. ನಾನು ಫೋನ್ ಮಾಡಿದರೆ ನೀವು ‘ಹ್ಞೂಂ, ಚೆನ್ನಾಗಿದೀನಿ’ ಎಂದು ನಯನಳ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ.

ಈ ಬೆಳಿಗ್ಗೆ ಸ್ನಾನಘಟ್ಟದ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಕಾರ್ತಿಕದ ದೀಪಗಳು ಎಲೆದೊನ್ನೆಯಲ್ಲಿ ತೇಲಿಕೊಂಡು ಹೋಗುತ್ತಿದ್ದವು. ಕಪಿಲೆ ಇಲ್ಲಿಂದ ಹೊರಟು ನೀವಿರುವ ಊರಿಗೇ ತಾನೆ ಹೋಗುವುದು. ಈ ನೀರು ಇವತ್ತೋ ನಾಳೆಯೋ ಅತ್ತೆಯ ಕಣ್ಣಿಗೆ ಬೀಳುತ್ತದೆ, ನಾನು ಇಲ್ಲಿ ಏನಾದರೂ ಹೇಳಿದರೆ ಅಲ್ಲಿಗೆ ಮುಟ್ಟೀತೇ ಎಂದೆಲ್ಲ ಅನ್ನಿಸಿತು. ನಲವತ್ತೆರಡು ವರ್ಷದ ಮೇಡಂ ನೀರಿನ ಹತ್ತಿರ ಮಾತಾಡುತ್ತಿದ್ದುದನ್ನು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ. ಹೇಳಿದ್ದು ಇಷ್ಟೇ, ನನ್ನದು ತಪ್ಪಾಯಿತು ಅಂತ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನಮ್ಮ ಬೀದಿಯ ವಾಚನಾಲಯದಲ್ಲಿ ನಾಗೇಂದ್ರ ಅವರು ‘ಓದಿನ ಸವಾಲು’ ಎಂದು ಬೋರ್ಡು ಬರೆದು ಹಾಕಿದಾಗ ನಾನು ನಕ್ಕಿದ್ದೆ. ಅಕ್ಟೋಬರ್ ಮುಗಿಯುವುದರೊಳಗೆ ಐವತ್ತು ಪುಸ್ತಕ, ಒಂದೊಂದು ಮುಗಿದಾಗಲೂ ಹಸಿರು ಕಾರ್ಡಿನಲ್ಲಿ ಒಂದು ಮೊಹರು. ಹೈಸ್ಕೂಲು ಹುಡುಗರಿಗೆಂದು ಮಾಡಿದ್ದಕ್ಕೆ ಅರವತ್ತೇಳರ ನೀವು ಹೋಗಿ ಹೆಸರು ಕೊಟ್ಟು ಬಂದಿರಿ. ‘ಯಾಕೆ, ನಂಗೆ ಕಣ್ಣಿಲ್ವಾ?’ ಎಂದು ನನ್ನನ್ನೇ ಕೇಳಿದಿರಿ. ಆಮೇಲೆ ನಮ್ಮ ಮನೆಯ ಮಧ್ಯಾಹ್ನಗಳೇ ಬದಲಾಗಿಹೋದವು. ಅಕ್ಕಿ ಆರಿಸುವ ಮೊರದ ಪಕ್ಕ ಒಂದು, ದಿಂಬಿನ ಕೆಳಗೆ ಒಂದು, ಹೂಬುಟ್ಟಿಯಲ್ಲಿ ಒಂದು. ಉಯ್ಯಾಲೆ ಕಿರ್ ಎನ್ನುತ್ತಿದ್ದರೆ ಅತ್ತೆ ಈಗ ಯಾವ ಊರಲ್ಲಿದ್ದಾರೋ ಎಂದು ನಾನು ಅಡುಗೆಮನೆಯಿಂದಲೇ ಊಹಿಸುತ್ತಿದ್ದೆ. ಒಮ್ಮೆ ಸಾರಿಗೆ ಒಗ್ಗರಣೆ ಹಾಕುತ್ತಾ ‘ಪಾಪ, ಆ ಹುಡುಗಿಗೆ ಇನ್ನೂ ಕಾಗದ ಬಂದಿಲ್ಲ’ ಅಂದಿರಿ. ಯಾವ ಹುಡುಗಿ ಎಂದು ನಾನು ಗಾಬರಿಯಾಗಿದ್ದೆ.

ಸಂಜೆ ನಾನು ತಗಡೂರಿನ ಶಾಲೆಯಿಂದ ಬಸ್ಸಿಳಿದು ಬರುವಾಗ ನೀವು ಪುಸ್ತಕದೊಳಗೆ ಬೆರಳಿಟ್ಟುಕೊಂಡು ಜಗುಲಿಯಲ್ಲಿ ಕೂತಿರುತ್ತಿದ್ದಿರಿ. ‘ಬಂದ್ಯೇನೇ?’ ಎನ್ನುವಿರಿ. ನಾನು ಕಾಲು ತೊಳೆಯಲು ಒಳಗೆ ಹೋದ ಮೇಲೆ ಪುಸ್ತಕ ತೆಗೆದು ಒಂದೇ ಒಂದು ಪುಟ ಓದಿ ಮುಚ್ಚಿಡುವಿರಿ. ಇದನ್ನು ನಾನು ಎಷ್ಟು ಸಲ ನೋಡಿಲ್ಲ! ನೋಡಿದೆ, ಅಷ್ಟೆ. ಮಕ್ಕಳಿಗೆ ಗಮನವಿಟ್ಟು ನೋಡಿ ಎಂದು ದಿನಾ ಪಾಠ ಹೇಳುವವಳು ನಾನು.

ಈ ತಿಂಗಳ ಎರಡನೆಯ ತಾರೀಖು ಕಾರ್ಡು ಪರೀಕ್ಷೆ ಮಾಡಲು ನಾಗೇಂದ್ರ ಅವರು ನನ್ನನ್ನು ಯಾಕಾದರೂ ಕರೆದರೋ. ಮನೆಯವರೆಂದು ದಾಕ್ಷಿಣ್ಯ ತೋರಿಸಿದಳು ಅನ್ನಿಸಿಕೊಳ್ಳಬಾರದು ಎಂಬ ಒಣಜಂಬ ನನಗೆ. ನಿಮ್ಮ ಕಾರ್ಡಿನಲ್ಲಿ ಐವತ್ತೂ ತುಂಬಿತ್ತು. ಒಂದೊಂದೇ ಪುಸ್ತಕ ಹಿಡಿದು ಕಥೆ ಹೇಗೆ ಮುಗಿಯಿತು ಎಂದು ಕೇಳುತ್ತಾ ಹೋದೆ. ಏಪ್ರಿಲ್, ಮೇ ತಿಂಗಳದ್ದಕ್ಕೆಲ್ಲ ನೀವು ಕಣ್ಣಿಗೆ ಕಟ್ಟುವ ಹಾಗೆ ಹೇಳಿದಿರಿ. ಜೂನ್‌ನಿಂದ ಆಚೆಗೆ ಬಂದಾಗ ‘ಗೊತ್ತಿಲ್ಲ’ ಅಂದಿರಿ. ಮುಂದಿನದಕ್ಕೂ ಗೊತ್ತಿಲ್ಲ. ಹೀಗೆ ಹನ್ನೊಂದು. ‘ಕೊನೇ ಪುಟ ಒಂದು ಓದಿಲ್ಲ’ ಎಂದಿರಿ, ಯಾಕೆಂದು ಹೇಳಲಿಲ್ಲ. ನಾನು ಅಷ್ಟು ಜನರ ಮುಂದೆ ಹನ್ನೊಂದಕ್ಕೂ ಕೆಂಪು ಗೀಟು ಹಾಕಿದೆ. ‘ಓದದೇ ಓದಿದೆ ಅಂತ ಬರೆಸೋದು ಮೋಸ ಅಲ್ವಾ ಅತ್ತೆ’ ಎಂದೂ ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ನೀವು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಡಬ್ಬಿಯೊಳಗೆ ಇಟ್ಟುಕೊಂಡಿರಿ. ಮಾರನೆಯ ದಿನ ನಯನಳನ್ನು ನೋಡಬೇಕು ಅನ್ನಿಸುತ್ತಿದೆ ಎಂದು ಬಸ್ಸು ಹತ್ತಿದಿರಿ.

ಆ ಡಬ್ಬಿಯನ್ನು ನೀವು ಇವತ್ತಿನವರೆಗೂ ತೆರೆದಿಲ್ಲವಂತೆ. ನಯನ ಹೇಳಿದಳು. ದಿನಪತ್ರಿಕೆಯನ್ನೂ ಮುಟ್ಟುವುದಿಲ್ಲವಂತೆ, ಓದಿದ್ದು ಸಾಕು ಎನ್ನುತ್ತೀರಂತೆ. ಅತ್ತೆ, ನೀವು ನನ್ನ ಮೇಲೆ ಕೋಪಿಸಿಕೊಂಡು ಆರು ತಿಂಗಳು ಅಲ್ಲೇ ಇದ್ದರೂ ಸಹಿಸಿಕೊಳ್ಳುತ್ತೇನೆ. ನನ್ನ ಮಾತಿನಿಂದ ನಿಮ್ಮ ಓದು ನಿಂತುಹೋಯಿತು ಎಂಬುದನ್ನು ಸಹಿಸಿಕೊಳ್ಳಲು ಆಗುತ್ತಿಲ್ಲ.

ಎಂಟನೆಯ ತಾರೀಖು ಶನಿವಾರ ನಿಮ್ಮ ಸೀರೆಗಳನ್ನು ಬಿಸಿಲಿಗೆ ಹಾಕಲು ಪೆಟ್ಟಿಗೆ ತೆಗೆದಾಗ ನೀವು ಓದಿನ ಲೆಕ್ಕ ಬರೆಯುತ್ತಿದ್ದ ಉದ್ದದ ನೋಟ್‌ಬುಕ್ಕು ಸಿಕ್ಕಿತು. ತೆರೆಯಬಾರದಿತ್ತು, ತೆರೆದೆ. ಪುಸ್ತಕದ ಹೆಸರು, ಶುರು ಮಾಡಿದ ದಿನ, ಮುಗಿಸಿದ ದಿನ. ಆ ಹನ್ನೊಂದರ ಮುಂದೆ ಮಾತ್ರ ಮುಗಿಸಿದ ದಿನದ ಜಾಗದಲ್ಲಿ ನಿಮ್ಮ ದುಂಡು ಅಕ್ಷರದಲ್ಲಿ ‘ಹಂಸಾ ಊರಲ್ಲಿಲ್ಲ’ ಎಂದಿತ್ತು. ಹನ್ನೊಂದು ಸಲ, ಒಂದರ ಕೆಳಗೊಂದು. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ತರಬೇತಿಗೆಂದು ಧಾರವಾಡದಲ್ಲಿ ಇದ್ದೆನಲ್ಲ, ಅದೇ ಮೂರು ತಿಂಗಳು.

ನಿಮ್ಮ ಮಗನಿಗೆ ತೋರಿಸಿದೆ. ‘ಅಮ್ಮ ಮೊದಲಿಂದ ಹಾಗೇ ಕಣೇ, ಮನೆಯವರು ಯಾರಾದ್ರೂ ಹೊರಗೆ ಹೋಗಿದ್ರೆ ಕೊನೇ ಪುಟ ಓದಲ್ಲ. ಅವರು ಹೊಸ್ತಿಲು ದಾಟಿ ಒಳಗೆ ಬಂದಮೇಲೇನೇ ಓದೋದು’ ಎಂದು ಪೇಪರಿನಿಂದ ಕಣ್ಣು ತೆಗೆಯದೆ ಹೇಳಿದರು. ನಿಮ್ಮ ತಂದೆ ಕಪಿಲೆ ದಾಟಿ ಆಚೆ ಊರಿನ ಪೂಜೆಗೆ ಹೋಗುತ್ತಿದ್ದದ್ದು, ಹೊಳೆ ತುಂಬಿದಾಗ ನಿಮ್ಮ ತಾಯಿ ಓದುತ್ತಿದ್ದ ಪುರಾಣವನ್ನು ಕೊನೆಯ ಪುಟದಲ್ಲಿ ನಿಲ್ಲಿಸಿ, ಮಧ್ಯೆ ತುಳಸಿ ಇಟ್ಟು, ಅವರು ಬರುವ ತನಕ ಕಾಯುತ್ತಿದ್ದದ್ದು ಎಲ್ಲ ಹೇಳಿದರು. ಮದುವೆಯಾಗಿ ಹದಿನೇಳು ವರ್ಷಕ್ಕೆ ಈಗ ಹೇಳುತ್ತಿದ್ದೀರಲ್ಲ ಎಂದರೆ ‘ನೀನು ಕೇಳಲಿಲ್ವಲ್ಲ’ ಎಂದರು. ಇಂಥವರ ಜೊತೆ ಏನು ಜಗಳ ಆಡುವುದು ಹೇಳಿ.

ಹಾಗಾದರೆ ದಿನಾ ಸಂಜೆ ನೀವು ಜಗುಲಿಯಲ್ಲಿ ಬೆರಳಿಟ್ಟುಕೊಂಡು ಕಾಯುತ್ತಿದ್ದದ್ದು ನನ್ನನ್ನು. ಧಾರವಾಡದಿಂದ ನಾನು ಬರುವುದರೊಳಗೆ ವಾಚನಾಲಯದ ಹದಿನೈದು ದಿನದ ಗಡುವು ಮುಗಿದು, ಒಂದೊಂದನ್ನೂ ಹಾಗೆಯೇ ವಾಪಸು ಕೊಟ್ಟುಬಿಟ್ಟಿರಿ. ಕಥೆ ಏನಾಯಿತೆಂದು ತಿಳಿಯುವ ಆಸೆ ನಿಮಗೆ ಎಷ್ಟಿತ್ತೆಂದು ನನಗೆ ಗೊತ್ತು. ಅದನ್ನು ನನಗೋಸ್ಕರ ಬಿಟ್ಟಿರಿ, ನಾನು ಅದಕ್ಕೆ ಕೆಂಪು ಗೀಟು ಹಾಕಿದೆ. ನೋಟ್‌ಬುಕ್ಕು ಹಿಡಿದುಕೊಂಡು ಪೆಟ್ಟಿಗೆಯ ಮುಂದೆ ಕೂತು ಅತ್ತುಬಿಟ್ಟೆ. ಅಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಮಾರನೆಯ ಭಾನುವಾರ ವಾಚನಾಲಯಕ್ಕೆ ಹೋಗಿ ಎಲ್ಲರ ಎದುರಿಗೇ ವಿಷಯ ಹೇಳಿದೆ. ಹೆಮ್ಮಿಗೆಯಿಂದ ಕಾಲೇಜಿಗೆ ಬರುವ ಸಂಘಮಿತ್ರಾ, ನಿಮ್ಮ ಜೊತೆ ಬೆಂಚು ಹಂಚಿಕೊಂಡು ಓದುತ್ತಿದ್ದವಳು, ‘ಅವತ್ತೇ ಅಂದ್ಕಂಡೆ ಮೇಡಂ, ಅಜ್ಜಿ ಸುಳ್ ಏಳೋರಲ್ಲ ಅಂತ. ಒಂದೊಂದ್ ಪುಟಕ್ಕೆ ಅಷ್ಟಕ್ಕೂ ಗೀಟ್ ಆಕ್ಬುಟ್ರಲ್ಲ ನೀವು’ ಎಂದು ಮುಖಕ್ಕೆ ಹೊಡೆದ ಹಾಗೆ ಅಂದಳು. ಅನ್ನಿಸಿಕೊಂಡೆ. ಒಂದು ಸದಸ್ಯತ್ವದ ಕಾರ್ಡಿಗೆ ಎರಡೇ ಪುಸ್ತಕ ಅಲ್ಲವೇ? ನಿಮ್ಮದು, ನನ್ನದು, ನಿಮ್ಮ ಮಗನದು, ಮಾನ್ಯಾಳದು ಸಾಲದೆ, ಸಂಘಮಿತ್ರಾ ತನ್ನದು ಕೊಟ್ಟಳು, ನಾಗೇಂದ್ರ ಅವರೂ ತಮ್ಮದು ಕೊಟ್ಟರು. ಹನ್ನೊಂದನ್ನೂ ಮನೆಗೆ ತಂದಿದ್ದೇನೆ.

ಅವು ಈಗ ನಿಮ್ಮ ಉಯ್ಯಾಲೆಯ ಮೇಲೆ ಕೂತಿವೆ. ಒಂದೊಂದನ್ನೂ ಕೊನೆಯ ಪುಟದ ಹಿಂದಿನ ಪುಟದವರೆಗೆ ಮಾತ್ರ ತಿರುವಿ ನೋಡಿದೆ. ಒಂದರಲ್ಲಿ ದೋಣಿ ಇನ್ನೂ ದಡ ಮುಟ್ಟಿಲ್ಲ. ಒಂದರಲ್ಲಿ ಅಜ್ಜಿಯೊಬ್ಬಳು ಬಾಗಿಲ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದಾಳೆ, ಹೊರಗೆ ಯಾರೋ ಕರೆಯುತ್ತಿದ್ದಾರೆ. ಒಂದರಲ್ಲಿ ಮದುಮಗಳ ಕೈಯಲ್ಲಿ ಹಾರ ಹಾಗೇ ಇದೆ. ಈ ಮಧ್ಯಾಹ್ನ ಗಾಳಿಗೆ ಉಯ್ಯಾಲೆ ತಾನಾಗಿ ಒಂದಿಷ್ಟು ಆಡಿತು. ಅಷ್ಟು ಜನವೂ ನಮ್ಮ ನಡುಮನೆಯಲ್ಲಿ ಮಾತಿಲ್ಲದೆ ನಿಮ್ಮ ದಾರಿ ನೋಡುತ್ತಿದ್ದಾರೆ ಅನ್ನಿಸಿ, ಅವರಿಗೂ ಒಂದು ಲೋಟ ಕಾಫಿ ಕೊಡಬೇಕೇನೋ ಎಂದು ಎದ್ದೇ ಬಿಟ್ಟಿದ್ದೆ. ನೀವು ನಗುತ್ತೀರಿ. ನಕ್ಕರೆ ಒಳ್ಳೆಯದೇ.

ನಯನಳಿಗೆ ನನ್ನ ನೆನಪು ಹೇಳಿ. ಮಾನ್ಯಾಳಿಗೆ ನಿಮ್ಮ ಆಶೀರ್ವಾದ ಇರಲಿ, ನನಗೆ ಅದರ ಜೊತೆ ಕ್ಷಮೆಯೂ ಬೇಕು.

ನಿಮ್ಮ ಸೊಸೆ,
ಹಂಸಾ

ವಿ.ಸೂ.: ಅತ್ತೆ, ಈಗ ಸೋಮವಾರ ಬೆಳಿಗ್ಗೆ, ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಈ ಕಾಗದಕ್ಕೆ ಇನ್ನೂ ಒಂದು ಹಾಳೆ ಇದೆ. ಬರೆದಾಗಿದೆ, ಆದರೆ ಲಕೋಟೆಗೆ ಹಾಕಿಲ್ಲ. ಮಧ್ಯೆ ತುಳಸಿ ಇಟ್ಟು ಮಡಿಸಿ ಆ ಹನ್ನೊಂದರ ಮೇಲೆ ಇಟ್ಟಿದ್ದೇನೆ. ನೀವು ಊರಲ್ಲಿಲ್ಲ, ಕೊನೆಯ ಪುಟ ಹೇಗೆ ಕಳಿಸಲಿ? ಪುಸ್ತಕಗಳ ಗಡುವು ಇದೇ ಇಪ್ಪತ್ತನಾಲ್ಕು, ಸೋಮವಾರ. ಈ ಸಲ ಓದದೆ ವಾಪಸು ಕೊಡುವುದು ಬೇಡ. ಕನ್ನಡಕದ ಡಬ್ಬಿ ಮರೆಯದೆ ತನ್ನಿ. ಸಂಜೆ ಶಾಲೆಯಿಂದ ಬಂದು ಜಗುಲಿಯಲ್ಲಿ ಕೂತಿರುತ್ತೇನೆ. ‘ಬಂದ್ರಾ ಅತ್ತೆ?’ ಎಂದು ಕೇಳುವ ಸರದಿ ಈಗ ನನ್ನದು.