ಹಿಮ್ಮೇಳಕ್ಕೆ ಇಳಿಸಿದ ಸಾಲುಗಳು

ಬೈಲಹೊಂಗಲ
ಗುರುವಾರ, ನವೆಂಬರ್ 14, 2024

ಪ್ರೀತಿಯ ತಮ್ಮ ಸಂಜುವಿಗೆ ಗಂಗಕ್ಕನ ಗಟ್ಟಿ ಗಂಟಲಿನ ಪರಾಕು!

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಹಿಮದ ಠಾಣ್ಯದಲ್ಲಿ ಬೆರಳುಗಳು ಜೋಮು ಹಿಡಿಯುತ್ತವೆ ಎಂದು ಬರೆದೆಯಲ್ಲ, ಅಂದಿನಿಂದ ಅವ್ವ ಉಣ್ಣೆಯ ಕೈಗವಸು ಹೆಣೆಯುತ್ತಿದ್ದಾಳೆ. ಅದರ ಬಣ್ಣ ಕಂಡರೆ ಸಾಕು, ಶತ್ರು ಗುಂಡು ಹಾರಿಸದೆ ಓಡಿಹೋದಾನು! ನಾವೆಲ್ಲ ಕ್ಷೇಮ. ಫೋನು ಹತ್ತದ ಜಾಗಕ್ಕೆ ನಿನ್ನನ್ನು ಕಳಿಸಿ ಸರ್ಕಾರ ನನ್ನ ಕೈಗೆ ಪೆನ್ನು ಕೊಟ್ಟಿದೆ, ಅನುಭವಿಸು.

ಈಗ ಪರದೆ ಏರಲಿ. ನಮ್ಮ ರಾಯವ್ವಜ್ಜಿ ಈ ಭಾನುವಾರ ದೊಡವಾಡದ ಮನೆಯಂಗಳದಲ್ಲಿ ತನ್ನ ಸಣ್ಣಾಟದ ಹಾಡುಗಳನ್ನೆಲ್ಲ ಹಾಡಲು ಒಪ್ಪಿದ್ದಾಳೆ. ಆ ಆಟವನ್ನು ಪೂರ್ತಿ ಬಲ್ಲವರು ಈಗ ಅವಳೊಬ್ಬಳೇ, ಅವಳ ಉಸಿರೂ ಮೊದಲಿನಂತಿಲ್ಲ. "ಒಮ್ಮೆ ಹಾಡತೇನಿ. ಮತ್ತೊಮ್ಮೆ ಅಂದ್ರ ನನ್ನ ಕೈಲೆ ಆಗಂಗಿಲ್ಲ ನೋಡವಾ" ಎಂದು ಮೊದಲೇ ಹೇಳಿಬಿಟ್ಟಿದ್ದಾಳೆ. ಅದನ್ನು ಹಿಡಿದಿಡಬೇಕಾದದ್ದು ನಾವಿಬ್ಬರೂ ಕಟ್ಟಿದ ರೆಕಾರ್ಡಿಂಗ್ ಪೆಟ್ಟಿಗೆ. ಅದೋ, ಕಳೆದ ತಿಂಗಳು ಮುನವಳ್ಳಿಯ ನಾಟಕದ ಅರ್ಧ ಭಾಗವನ್ನು ನುಂಗಿ, ಏನೂ ಅರಿಯದ ಮುಖ ಮಾಡಿ ಕುಳಿತಿತ್ತು!

ಕಾರಣ ಹುಡುಕಿದೆ. ಸೇನೆಗೆ ಹೋಗುವ ಮುನ್ನ ನೀನು ಬರೆದ, ಪೆಟ್ಟಿಗೆಯ ಪರವಾಗಿ ಸಾಧನಗಳೊಡನೆ ಮಾತಾಡುವ ಮೂರು ಡ್ರೈವರ್‌ಗಳಿವೆಯಲ್ಲ, ಮೆಮೊರಿ ಕಾರ್ಡಿಗೊಂದು, ಪೆನ್‌ಡ್ರೈವಿಗೊಂದು, ಹಳೆಯ ಹಾರ್ಡ್‌ಡಿಸ್ಕಿಗೊಂದು, ಅವು ಮೂರರಲ್ಲೂ ಒಂದೇ ಸಂಭಾಷಣೆ: ಏಳು, ಸಿದ್ಧನೇ, ಈ ಧ್ವನಿಯನ್ನು ಇಟ್ಟುಕೋ, ಇಟ್ಟೆಯಾ ತೋರಿಸು. ಅದರಲ್ಲಿ "ತೋರಿಸು" ಎಂಬ ಮಾತು ತಪ್ಪಿದ್ದನ್ನು ನೀನು ಕಾರ್ಡಿನ ಪ್ರತಿಯಲ್ಲಿ ತಿದ್ದಿದ್ದೀ, ಉಳಿದೆರಡರಲ್ಲಿ ಹಾಗೇ ಬಿಟ್ಟಿದ್ದೀ. ಪೆನ್‌ಡ್ರೈವು ಇಡದೆಯೇ "ಇಟ್ಟೆ" ಎಂದಿತು, ನಾವು ನಂಬಿದೆವು; ಅಂದು ಮುನವಳ್ಳಿಯಲ್ಲಿ ಹಾಕಿದ್ದು ಅದೊಂದನ್ನೇ. ಆಟದಲ್ಲಿ ಪಾತ್ರಧಾರಿಗಳೆಲ್ಲ ಪಲ್ಲವಿಯನ್ನು ಬಾಯಿಪಾಠ ಮಾಡುತ್ತಾರೆಯೇ? ಅದು ಹಿಮ್ಮೇಳದ ಪಾಲು. ಹಾಗೆಯೇ ಮೂರೂ ಪ್ರೋಗ್ರಾಮುಗಳ ಆ ಸಮಾನ ಸಾಲುಗಳನ್ನೆಲ್ಲ ತೆಗೆದು ಒಂದೇ ಫಂಕ್ಷನ್ನಿಗೆ ಇಳಿಸಿದೆ. ಮೂವರೂ ಅದನ್ನೇ ಕರೆಯಲಿ. ಮುಂದೆ ತಪ್ಪು ಕಂಡರೆ ತಿದ್ದುವುದು ಒಂದೇ ಕಡೆ.

ಹಾರ್ಮೋನಿಯಂ ಲಗಮಪ್ಪ ಕಾಕಾ ಇಣುಕಿ ನೋಡಿ, "ಏನವಾ, ಮೂರು ಮಂದಿಗೆ ಒಂದ ಅಂಗಿ ಹೊಲ್ಯಾಕ ಹತ್ತೀಯೇನು?" ಎಂದು ಕೆಣಕಿದ. "ಹೂಂ ಕಾಕಾ, ನಿಮ್ಮ ಹೊಟ್ಟಿಗೆ ಸಾಲಂಗಿಲ್ಲ ಬಿಡ್ರಿ" ಎಂದೆ.

ಹಳೆಯ ಪ್ರತಿಗಳನ್ನು ಅಳಿಸುವ ಮುನ್ನ ತಾಲೀಮಿನಂತೆ ಮೂರನ್ನೂ ಗಟ್ಟಿಯಾಗಿ ಓದಿದೆ. ಓಣಿಯ ನಾಯಿಗಳು ಸಾಕ್ಷಿ! ಕಣ್ಣಿಗೆ ಕಾಣದ್ದಕ್ಕೆ ಬಾಯಿ ಎಡವಿತು: ಡಿಸ್ಕಿನ ಪ್ರತಿಯಲ್ಲಿ "ಏಳು" ಎಂದ ಮೇಲೆ ಒಂದು ತಡೆ, ಕೆಲವು ಸೆಕೆಂಡು ಸುಮ್ಮನಿರು ಎಂಬ ಸಾಲು. ಏಕೆಂದು ನೀನು ಬರೆದಿಟ್ಟಿಲ್ಲ. ಅದನ್ನು ತೆಗೆದು ನಡೆಸಿ ನೋಡಿದೆ, ಆಗಲೂ ಎಲ್ಲ ಸರಿಯಾಗಿಯೇ ನಡೆಯಿತು. ಕಿತ್ತೆಸೆದರೆ ಫಂಕ್ಷನ್ನು ಚೊಕ್ಕ. ಆದರೆ ನಿನ್ನ ಉತ್ತರ ಬರುವ ಹೊತ್ತಿಗೆ ಅಜ್ಜಿಯ ಹಾಡು ಮುಗಿದಿರುತ್ತದೆ, ಆಗ ತಪ್ಪು ಗೊತ್ತಾಗಿ ಏನು ಪ್ರಯೋಜನ? ಕೇಳದೆ ತೆಗೆಯಲು ಕೈ ಬರಲಿಲ್ಲ. ಎಷ್ಟು ಹೊತ್ತು ತಡೆಯಬೇಕೆಂದು ಫಂಕ್ಷನ್ನನ್ನು ಕರೆಯುವ ಡ್ರೈವರೇ ಹೇಳಲಿ ಎಂದು ಬರೆದೆ: ಕಾರ್ಡಿಗೂ ಪೆನ್‌ಡ್ರೈವಿಗೂ ಸೊನ್ನೆ, ಡಿಸ್ಕಿಗೆ ನೀನು ಕೊಟ್ಟಷ್ಟೇ.

ಹೊತ್ತಿಗೆ ಸರಿಯಾಗಿ ಉಣ್ಣು, ಎದೆ ಬೆಚ್ಚಗಿಟ್ಟುಕೋ. ಅವ್ವನ ಆಶೀರ್ವಾದ, ಕಾಕಾನ ಸಲಾಮು.

ನಿನ್ನ ಅಕ್ಕ,
ಗಂಗಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಭಾನುವಾರ ಕಳೆಯಿತು. ಅವಸರದಲ್ಲಿದ್ದೇನೆ, ಅಂಚೆಯ ಹೊತ್ತಾಯಿತು. ನಡುವೆ ಅಜ್ಜಿ ದಣಿವಾರಿಸಿಕೊಳ್ಳುವಾಗ ಕರೆಂಟು ಹೋಗಿ ಬಂತು ಕಣೋ! ಕಾರ್ಡೂ ಪೆನ್‌ಡ್ರೈವೂ ಥಟ್ಟನೆ ಎದ್ದವು, ಆರಿ ತಣ್ಣಗಾಗಿದ್ದ ಡಿಸ್ಕು ಮಾತ್ರ ಗುರ್ ಎಂದು ಮೆಲ್ಲಗೆ ತಿರುಗತೊಡಗಿತು. ಆ ತಡೆ ಏಕಿತ್ತೆಂದು ಆಗ ತಿಳಿಯಿತು; ನಾನು ತೆಗೆದು ನೋಡಿದಾಗ ಅದು ಮೊದಲೇ ತಿರುಗುತ್ತಿತ್ತು. ಹಾಡಿದ್ದೆಲ್ಲ ಮೂರರಲ್ಲೂ ಸಿಕ್ಕಿದೆ, ಕೇಳಿ ನೋಡಿದ್ದೇನೆ. ಆದರೆ ಕೊನೆಗೆ ಮಂಗಳದ ಪದ ಬಂದಾಗ ಅಜ್ಜಿ ಕೈಯೆತ್ತಿ, "ಆ ಪೆಟಗಿ ಬಂದ್ ಮಾಡ್ರಿ. ಮಂಗಳ ನಮ್ಮ ಸಂಜ್ಯಾ ಬಂದ ಮ್ಯಾಲ" ಎಂದಳು. ಕಾಕಾ ಬೇಡಿಕೊಂಡ, ನಾನು ಗದರಿದೆ, ಅವಳು ಜಗ್ಗಲಿಲ್ಲ. ಈ ಪತ್ರ ಕೈಸೇರಿದ ದಿನವೇ ರಜೆ ಕೇಳು.