ಕಿಟಕಿ ತೆರೆಯುವ ಹುಡುಗಿ

ಚಿತ್ರ ಹಂಚಿಕೆ ಸಂಸ್ಥೆಯ ಮಾಲೀಕರಿಗೆ,

ಹೊಸ ಲಾಂಛನ ತರುತ್ತಿರುವ ಸಂದರ್ಭದಲ್ಲಿ ನೀವು ಪತ್ರಿಕೆಯಲ್ಲಿ ಬರೆದ ಹಳೆಯ ಲಾಂಛನದ ಇತಿಹಾಸ ಓದಿದೆ. ಪ್ರತಿ ಚಿತ್ರದ ಮೊದಲಿಗೆ ಕಿಟಕಿ ತೆರೆದು ಇತ್ತ ತಿರುಗುವ ಹುಡುಗಿ ‘ಕಲಾವಿದನ ಕಲ್ಪನೆ’ಯಂತೆ! ಸ್ವಾಮಿ, ಅವಳು ನನ್ನ ಅಕ್ಕ. ನಿಮ್ಮ ತಂದೆಯವರು ಅವಳನ್ನು ಚಿತ್ರೀಕರಿಸಿದ ತಿಂಗಳಲ್ಲೇ ಜ್ವರ ಬಂದು ತೀರಿಕೊಂಡಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ.

ನಿಮ್ಮ ಸಂಸ್ಥೆಯ ಚಿತ್ರ ಬಂದಾಗಲೆಲ್ಲ ಅಮ್ಮ ನನ್ನನ್ನು ಕರೆದೊಯ್ದು, ಲಾಂಛನ ಮುಗಿದೊಡನೆ ಎದ್ದು ಹೊರಡುತ್ತಿದ್ದಳು.

“ಸಿನಿಮಾ ಈಗಷ್ಟೇ ಶುರುವಾಯ್ತಲ್ಲಮ್ಮಾ!” ಎಂದು ಗೇಟಿನವನು ನಗುತ್ತಿದ್ದ.

“ನಂದು ಮುಗೀತಪ್ಪಾ.”

ಲಾಂಛನದಲ್ಲಿ ಅಕ್ಕ ಪೂರ್ತಿ ತಿರುಗುವ ಮೊದಲೇ ದೃಶ್ಯವನ್ನು ಕತ್ತರಿಸಿದ್ದಾರೆ. ಹೊಸ ಲಾಂಛನ ಬಂತೆಂದು ಹಳೆಯ ರೀಲು ಎಸೆಯಬೇಡಿ. ಕತ್ತರಿಸದ ಮೂಲ ತುಣುಕನ್ನು ಒಮ್ಮೆ ತೋರಿಸಿ. ಇಷ್ಟು ವರ್ಷ ತೆರೆಯನ್ನೇ ನೋಡಿ ನೋಡಿ, ನನಗೀಗ ಅವಳ ಅರ್ಧ ಮುಖವಷ್ಟೇ ನೆನಪಿದೆ.

ಇತಿ,
ಅವಳ ತಮ್ಮ